ಸೋತು ಮರಳಿದವರ ವಿಶ್ವಾಸ

ಸಂತರ ಹಬ್ಬ ಬಂದರೆ ನಾವು ಹೆಚ್ಚಾಗಿ ಕೇಳುವುದು ರಕ್ತಸಾಕ್ಷಿಗಳ ಕಥೆ. ಸಿಂಹಗಳ ಮುಂದೆ ನಿಲ್ಲಿಸಿದರೂ ಯೇಸುಸ್ವಾಮಿಯನ್ನು ಬಿಡದವರು, ಬೆಂಕಿಗೆ ಹಾಕಿದರೂ ಪ್ರಾರ್ಥನೆ ನಿಲ್ಲಿಸದವರು. ಕೇಳುವಾಗ ಮನಸ್ಸು ತುಂಬುತ್ತದೆ. ಆದರೆ ಸಂಜೆ ಮನೆಯಲ್ಲಿ ತೇರ್ಸಿಗೆ ಮೊಣಕಾಲೂರುವಾಗ ಒಂದು ಪ್ರಶ್ನೆ ಕಾಡದೆ ಇರದು: ನನ್ನ ಕುತ್ತಿಗೆಗೇ ಕತ್ತಿ ಬಂದಿದ್ದರೆ ನಾನೇನು ಮಾಡುತ್ತಿದ್ದೆ? ಉತ್ತರ ಹುಡುಕಲು ರೋಮಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಹಿರಿಯರ ಮೇಲೆಯೇ ಆ ಕತ್ತಿ ಬಂದಿತ್ತು.

1784ನೇ ಇಸವಿ. ಮೈಸೂರಿಗೂ ಇಂಗ್ಲಿಷರಿಗೂ ನಡೆಯುತ್ತಿದ್ದ ಎರಡನೆಯ ಯುದ್ಧ ಮುಗಿಯುವ ಹೊತ್ತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಿಟ್ಟು ಟಿಪ್ಪು ಸುಲ್ತಾನನಿಗಿತ್ತು. ಆ ವರ್ಷ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದಂದೇ ಸೈನಿಕರು ಊರೂರಲ್ಲಿ ಕ್ರೈಸ್ತ ಕುಟುಂಬಗಳನ್ನು ಹಿಡಿದರೆಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ನೆನಪು. ಮನೆ, ಗದ್ದೆ, ತೋಟ ಎಲ್ಲ ಮುಟ್ಟುಗೋಲಾಯಿತು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು ನೆಲಸಮವಾದವು. ಧರ್ಮಗುರುಗಳನ್ನು ಗಡಿಪಾರು ಮಾಡಿದರು. ಮುದುಕರು, ಬಾಣಂತಿಯರು, ಮಕ್ಕಳು ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ? ಅದೇ ಕಾಲದಲ್ಲಿ ಅಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ಫ್ರೆಂಚ್ ಧರ್ಮಗುರು ಅಬ್ಬೆ ದುಬೊವಾ 60,000 ಎನ್ನುತ್ತಾರೆ. ದಾರಿಯಲ್ಲಿ ಹಸಿವಿಗೂ ಕಾಯಿಲೆಗೂ ಸತ್ತವರ ಲೆಕ್ಕ ಇಟ್ಟವರಾರು?

ಇಲ್ಲಿ ಒಂದು ಮಾತು. ಈ ಕಥೆಯನ್ನು ಇಂದಿನ ಮುಸ್ಲಿಂ ನೆರೆಹೊರೆಯವರ ಮೇಲಿನ ದ್ವೇಷಕ್ಕೆ ಎಣ್ಣೆಯಾಗಿ ಸುರಿಯುವವರಿದ್ದಾರೆ. ನನಗೆ ಅದು ಹಿಡಿಸದು. ಅದು ಒಬ್ಬ ಅರಸನ ಯುದ್ಧಕಾಲದ ಕ್ರೌರ್ಯ. ನಮ್ಮ ಮದುವೆಗೆ ಬಂದು ಊಟ ಮಾಡುವವರ ಲೆಕ್ಕಕ್ಕೆ ಅದನ್ನು ಬರೆಯುವುದು ನ್ಯಾಯವಲ್ಲ.

ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಗಂಡಸರಿಗೆ ಬಲವಂತದಿಂದ ಸುನ್ನತಿ ಮಾಡಿದರು, ಹೆಸರು ಬದಲಾಯಿಸಿದರು, ಎಳೆಯರನ್ನು ಸೈನ್ಯಕ್ಕೆ ಸೇರಿಸಿದರು. ಎದುರು ನಿಂತವರಿಗೆ ಮೂಗು ಕಿವಿ ಕೊಯ್ಯುವ ಶಿಕ್ಷೆ. ಹೆಚ್ಚಿನವರು ಬಾಗಿದರು. 1799ರಲ್ಲಿ ಕೋಟೆ ಬಿದ್ದ ನಂತರ ಅಲ್ಲಿಗೆ ಬಂದ ಅಬ್ಬೆ ದುಬೊವಾ ಮುಂದೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಇದನ್ನು ನೋವಿನಿಂದ, ಸಿಟ್ಟಿನಿಂದಲೇ ಬರೆದಿದ್ದಾರೆ. ಇಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಒಬ್ಬನೂ ಮುಂದೆ ಬರಲಿಲ್ಲವಲ್ಲ ಎಂಬುದು ಅವರ ಆಕ್ಷೇಪ.

ಆ ಆಕ್ಷೇಪ ಅತಿಯಾಯಿತೆಂದು ನನಗೆ ತೋರುತ್ತದೆ. ಹಗ್ಗ ಬಿಗಿದು ಹಿಡಿದವನ ಮುಂದೆ, ಹೆಂಡತಿ ಮಕ್ಕಳನ್ನು ಹಿಂದಿಟ್ಟುಕೊಂಡು ನಿಂತವನ ಸಂಕಟ ಆಮೇಲೆ ಬಂದವರಿಗೆ ಪೂರ್ತಿ ಕಾಣುವುದಿಲ್ಲ. ಆದರೆ ಅದೇ ದುಬೊವಾ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತಾರೆ. ಸುಲ್ತಾನ ಸತ್ತ ಬಳಿಕ ಈ ಜನ ತಾವಾಗಿಯೇ ಧರ್ಮಸಭೆಯನ್ನು ಹುಡುಕಿಕೊಂಡು ಬಂದರು. ಬಿಟ್ಟದ್ದು ಹೊರಗಿನಿಂದ ಮಾತ್ರ, ಹೃದಯದಲ್ಲಿ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂದು ಅವರಲ್ಲಿ ಹೆಚ್ಚಿನವರು ಹೇಳಿಕೊಂಡರು. ಸುಮಾರು ಎರಡು ಸಾವಿರ ಜನ ದುಬೊವಾರ ಸುತ್ತಮುತ್ತಲೇ ಸಿಕ್ಕಿದರು. ಸುಮಾರು ಇಪ್ಪತ್ತು ಸಾವಿರ ಜನ ಮಂಗಳೂರು ಕಡೆಗೆ ಮರಳಿದರು.

ಸ್ವಲ್ಪ ಯೋಚಿಸಿ. ಹದಿನೈದು ವರ್ಷ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ದೀಕ್ಷಾಸ್ನಾನ ಕೊಡಲು ಗುರುಗಳಿಲ್ಲ. ಸೆರೆಯಲ್ಲೇ ಹುಟ್ಟಿದ ಮಗು ಇಗರ್ಜಿಯನ್ನು ಕಣ್ಣಿನಿಂದ ನೋಡಿರಲಿಲ್ಲ. ಆ ಮಗುವಿಗೆ ಮರಳಿ ಹೋಗಬೇಕಾದ ಜಾಗ ಒಂದಿದೆ ಎಂದು ಹೇಳಿಕೊಟ್ಟವರು ಯಾರು? ರಾತ್ರಿ ದೀಪ ಆರಿಸಿದ ಮೇಲೆ ಪಿಸುಮಾತಿನಲ್ಲಿ ‘ನಮೋ ಮರಿಯಾ’ ಹೇಳಿಕೊಟ್ಟ ತಾಯಂದಿರೇ ಇರಬೇಕು. ಕೃಪಾವರ ಕೆಲಸ ಮಾಡುವುದು ಕೆಲವೊಮ್ಮೆ ಹೀಗೆ, ಯಾರಿಗೂ ತಿಳಿಯದಂತೆ.

ಧರ್ಮಸಭೆಗೆ ಇದು ಹೊಸ ಪ್ರಶ್ನೆಯೇನಲ್ಲ. ಕ್ರಿ.ಶ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಹಳ ಮಂದಿ ವಿಗ್ರಹಗಳಿಗೆ ಧೂಪ ಹಾಕಿದರು. ಹಿಂಸೆ ತಣ್ಣಗಾದಾಗ ಅಳುತ್ತಾ ಮರಳಿದರು. ಬಾಗಿಲು ಮುಚ್ಚಬೇಕೆಂದವರೂ ಇದ್ದರು, ಹಾಗೇ ತೆರೆದುಬಿಡಿ ಎಂದವರೂ ಇದ್ದರು. ಬಿಷಪ್ ಸಂತ ಸಿಪ್ರಿಯನ್ ಮತ್ತು ಮರುವರ್ಷ ಸೇರಿದ ಸಭೆ, ಪ್ರಾಯಶ್ಚಿತ್ತ ಮಾಡಿಸಿ ಅವರನ್ನು ಒಳಕ್ಕೆ ಕರೆದುಕೊಳ್ಳುವ ದಾರಿ ಹಿಡಿಯಿತು. ಅದಕ್ಕೂ ಮೊದಲು, ಮೂರು ಸಲ ಅಲ್ಲಗಳೆದ ಪೇತ್ರನಿಗೆ ಸರೋವರದ ದಡದಲ್ಲಿ ಸ್ವಾಮಿ ತಾನೇ ಬೆಂಕಿ ಹೊತ್ತಿಸಿ ಮೀನು ಬೇಯಿಸಿಕೊಟ್ಟಿದ್ದರು.

ಹಾಗಾದರೆ 1799ರವರೆಗೆ ಬದುಕಿ ಉಳಿಯದವರು? ಅವರ ಪ್ರಾರ್ಥನೆ ಎಲ್ಲಿ ಹೋಯಿತು? ಇದಕ್ಕೆ ಸುಲಭದ ಉತ್ತರ ಕೊಡುವ ಪ್ರಸಂಗಗಳನ್ನು ನಾನು ನಂಬುವುದಿಲ್ಲ. ಬಿಡುಗಡೆ ತಡವಾಗುವುದೆಂದರೇನೆಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಂತದ್ದು 2000ದಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. 2022ರಲ್ಲಿ ಅದೇ ಕೋರ್ಟ್ ಮತ್ತೆ ಗದರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ತಾಯಿಯ ಮಡಿಲಲ್ಲೇ ಕಣ್ಣು ಮುಚ್ಚಿದ್ದರು. ಬೇರೆ ಬೇರೆ ಧರ್ಮದ ಆ ತಾಯಂದಿರ ಮುಂದೆ ‘ದೇವರು ಪರೀಕ್ಷಿಸುತ್ತಿದ್ದಾರೆ’ ಎನ್ನುವ ಧೈರ್ಯ ನನಗಿಲ್ಲ. ಅವರು ಬೆಳಿಗ್ಗೆ ಎದ್ದು ಮತ್ತೆ ಮಗುವಿಗೆ ಗಂಜಿ ತಿನ್ನಿಸುತ್ತಾರಲ್ಲ, ಆ ಶಕ್ತಿ ಎಲ್ಲಿಂದ ಬರುತ್ತದೆ ಎಂದಷ್ಟೇ ಕೇಳಬಲ್ಲೆ.

ಶ್ರೀರಂಗಪಟ್ಟಣದಿಂದ ಮರಳಿದವರಿಗೂ ಮೊದಲ ಬೆಳಿಗ್ಗೆಗಳು ಹಾಗೆಯೇ ಇದ್ದಿರಬೇಕು. ಗದ್ದೆ ಬೇರೆಯವರ ಕೈಯಲ್ಲಿ, ಮನೆಯ ಜಾಗದಲ್ಲಿ ಕಾಡು, ಇಗರ್ಜಿಯ ಜಾಗದಲ್ಲಿ ಬರೀ ನೆಲ. ಎಲ್ಲರೂ ಮರಳಲೂ ಇಲ್ಲ. ತಪ್ಪಿಸಿಕೊಂಡು ಕೊಡಗು ಸೇರಿದವರಿಗೆ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದ. ಅಲ್ಲಿನ ಸಂತ ಅನ್ನಮ್ಮನವರ ಇಗರ್ಜಿ 1792ರದ್ದು. ಹಿಂದೂ ಅರಸನೊಬ್ಬನ ಕೈಯಿಂದ ಬಂದ ಆ ಆಸರೆಯನ್ನೂ ನಮ್ಮ ಬಿಡುಗಡೆಯ ಕಥೆಯಲ್ಲಿ ಸೇರಿಸಬೇಡವೇ? ಉಳಿದವರು ಕೂಲಿ ಮಾಡಿ, ಗೇಣಿಗೆ ಭೂಮಿ ಹಿಡಿದು, ನಿಧಾನವಾಗಿ ಗೋಡೆ ಎಬ್ಬಿಸಿದರು. ಮಂಗಳೂರಿನ ರೊಸಾರಿಯೊ ಇಗರ್ಜಿ 1813ರಲ್ಲಿ ಮತ್ತೆ ಎದ್ದಿತು.

ಅವರ ಮಕ್ಕಳು ಮೊಮ್ಮಕ್ಕಳು ದಕ್ಷಿಣಕ್ಕೂ ಹಬ್ಬಿದರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರಲ್ಲಿ ಕೇರಳಕ್ಕೆ ಸೇರಿದರೂ ನಮ್ಮ ಧರ್ಮಕೇಂದ್ರಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದವು. ಗುಡ್ಡ ಕಡಿದು ಅಡಿಕೆ, ತೆಂಗು ಎಬ್ಬಿಸಿದ ಈ ಕುಟುಂಬಗಳಿಗಾಗಿ 1890ರಲ್ಲಿ ಬೇಳದಲ್ಲಿ ಧರ್ಮಕೇಂದ್ರ ಸ್ಥಾಪನೆಯಾಯಿತು. ಅದನ್ನು ಅರ್ಪಿಸಿದ್ದು ಶೋಕಮಾತೆಗೆ: ಮಗನನ್ನು ಶಿಲುಬೆಯಿಂದ ಇಳಿಸುವವರೆಗೆ ನಿಂತ ತಾಯಿಗೆ. ಆ ತಾಯಿಯ ಹಬ್ಬ ಸೆಪ್ಟೆಂಬರ್ 15ಕ್ಕೆ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಕೊಡೆ ಮಡಚಿ ಬಾಗಿಲ ಬಳಿಯೇ ನಿಲ್ಲುವವರು, ಎಷ್ಟೋ ವರ್ಷದ ನಂತರ ಬಂದವರು, ಒಳಗೆ ಬರಲು ಅಳುಕುವವರು ಇದ್ದೇ ಇರುತ್ತಾರೆ. ಬೆಂಚಿನಲ್ಲಿ ಸ್ವಲ್ಪ ಸರಿದರೆ ಅವರಿಗೂ ಜಾಗವಾಗುತ್ತದೆ.