ಗುಬ್ಬಿ ಹೊಡೆದ ಹುಡುಗನಿಗೆ ಸಿಕ್ಕ ಗುರು

ಮೈಸೂರು-ಶ್ರೀರಂಗಪಟ್ಟಣದ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ರಂಗನತಿಟ್ಟು ಹೊಸದೇನಲ್ಲ. ಅಲ್ಲಿನ ಹಕ್ಕಿಗಳಿಗೆ ರಕ್ಷಣೆ ಬೇಕೆಂದು ಆಗಿನ ಮೈಸೂರು ಸಂಸ್ಥಾನದ ಸರ್ಕಾರವನ್ನು ಒಪ್ಪಿಸಿದವರು ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮವಾಯಿತು. ಆದರೆ ಸಲೀಂ ಅಲಿಯವರಿಗೇ ಹಕ್ಕಿ ಹುಚ್ಚು ಹಿಡಿಸಿದವರು ಯಾರು? ಸ್ಕೂಲ್ ಮೇಷ್ಟ್ರಲ್ಲ ಸ್ವಾಮಿ, ಒಬ್ಬ ವೈನ್ ವ್ಯಾಪಾರಿ!

ಸಲೀಂ ಹುಟ್ಟಿದ್ದು 1896ರಲ್ಲಿ, ಮುಂಬಯಿಯಲ್ಲಿ. ಅಪ್ಪ ಅಮ್ಮ ಬೇಗ ತೀರಿಹೋದರು; ಬೆಳೆದದ್ದು ಸೋದರಮಾವನ ಮನೆಯಲ್ಲಿ. ಕೈಗೊಂದು ಏರ್‌ಗನ್ ಸಿಕ್ಕಿತ್ತು. ಗುಬ್ಬಿ ಹೊಡೆಯೋದೇ ಆಟ. ಒಮ್ಮೆ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ! ಮಾವನಿಗೂ ಅದು ಯಾವ ಹಕ್ಕಿ ಅಂತ ತಿಳೀಲಿಲ್ಲ. ಚೀಟಿ ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು.

ಅಲ್ಲಿ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು. ಹೊಟ್ಟೆಪಾಡಿಗೆ ವೈನ್ ವ್ಯಾಪಾರ, ಮನಸ್ಸೆಲ್ಲ ಗಿಡಮರ, ಪ್ರಾಣಿ, ಪಕ್ಷಿ. ಹುಡುಗ ಅಂಜುತ್ತಲೇ ಒಳಗೆ ಹೋದ. ಬ್ರಿಟಿಷರ ಕಾಲ ನೋಡಿ, ಬಾಗಿಲಲ್ಲೇ ಗದರಿಸಿ ಕಳಿಸಿದ್ದರೂ ಕೇಳುವವರಿರಲಿಲ್ಲ. ಮಿಲ್ಲಾರ್ಡ್ ಮಾತ್ರ ಹಕ್ಕಿಯ ಹೆಸರು ಹೇಳಿದ್ದಲ್ಲದೆ ಡ್ರಾಯರ್ ಮೇಲೆ ಡ್ರಾಯರ್ ಎಳೆದು, ಒಳಗೆ ಕೂಡಿಟ್ಟಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಓದೋದಕ್ಕೆ ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವ ವಿದ್ಯೆ ಕಲಿಯಲೂ ದಾರಿ ಮಾಡಿಕೊಟ್ಟರು. ವ್ಯಾಪಾರದ ಗಡಿಬಿಡಿಯಲ್ಲಿರುವ ಅಂಗಡಿಯವರಿಗೆ ಗೊತ್ತು, ಗಿರಾಕಿಯಲ್ಲದ ಹುಡುಗನಿಗೆ ಅಷ್ಟು ಹೊತ್ತು ಕೊಡೋದು ಎಷ್ಟು ಕಷ್ಟ ಅಂತ!

ಸಲೀಂ ಮುಂದೆ ಕಾಲೇಜು ಅರ್ಧಕ್ಕೇ ಬಿಟ್ಟರು. (ಪಿಯುಸಿ ಬಿಟ್ಟ ನನ್ನಂಥವನಿಗೆ ಅದೊಂದು ಸಮಾಧಾನ ಬಿಡಿ.) ಹಕ್ಕಿಯನ್ನು ಮಾತ್ರ ಬಿಡಲಿಲ್ಲ. 1985ರಲ್ಲಿ ಬಂದ ಆತ್ಮಕಥೆಗೆ ಅವರು ಇಟ್ಟ ಹೆಸರಿನಲ್ಲೂ ಆ ಗುಬ್ಬಿಯೇ ಇದೆ.