ಫ್ಲೈವೀಲ್ ಹಗುರ ಮಾಡಿಸಿದರೆ ಕಾರಿನ ಪವರ್, ಮೈಲೇಜ್ ಹೆಚ್ಚುತ್ತಾ?

ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಹಗುರ ಮಾಡಿಸಿದರೆ ಕಾರಿನ ಪವರ್, ಮೈಲೇಜ್ ಎರಡೂ ಏರುತ್ತವೆ ಎಂಬ ಮಾತು ನೀವೂ ಕೇಳಿರುತ್ತೀರಿ. ಇದರಲ್ಲಿ ನಿಜ ಎಷ್ಟು?

ಫ್ಲೈವೀಲ್ ಎಂದರೆ ಎಂಜಿನ್ ಮತ್ತು ಕ್ಲಚ್ ನಡುವಿನ ಭಾರವಾದ ಚಕ್ರ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ 2 ಸಲ ಮಾತ್ರ ಇಂಧನ ಉರಿಯುತ್ತದೆ. ನಡುವಿನ ಬಿಡುವಿನಲ್ಲಿ, ಕೋಲು ತೆಗೆದ ಮೇಲೂ ತಿರುಗುವ ಕುಂಬಾರನ ತಿಗರಿಯಂತೆ, ಈ ಭಾರವೇ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಭಾರ ಇಳಿಸಿದರೆ ಆರ್‌ಪಿಎಂ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. 1, 2ನೇ ಗೇರ್‌ನಲ್ಲಿ ಕಾರು ಚುರುಕೆನಿಸುತ್ತದೆ. ಇಷ್ಟು ನಿಜ. ಆದರೆ ಎಂಜಿನ್ ಪವರ್ ಹೆಚ್ಚುವುದಿಲ್ಲ. ಒಂದೇ ವೇಗದಲ್ಲಿ ಓಡುವಾಗ ಮೈಲೇಜೂ ಬದಲಾಗುವುದಿಲ್ಲ.

ಬಳ್ಳಾರಿಯ ಕೌಲ್ ಬಜಾರ್‌ನಂಥ ಕಿಕ್ಕಿರಿದ ರಸ್ತೆಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕು. ಹಗುರ ಫ್ಲೈವೀಲ್ ಇದ್ದರೆ ಕ್ಲಚ್ ಸ್ವಲ್ಪ ಬೇಗ ಬಿಟ್ಟರೂ ಎಂಜಿನ್ ಬಂದ್ ಆಗುತ್ತದೆ. ಅದಕ್ಕೆಂದು ಅರ್ಧ ಕ್ಲಚ್‌ನಲ್ಲೇ ಓಡಿಸಿದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಉರಿಯುತ್ತದೆ. ನಿಂತಾಗ ನಡುಕ, ಗೇರ್‌ಬಾಕ್ಸ್‌ನಲ್ಲಿ ಕಟಕಟ ಸದ್ದು ಬೇರೆ.

ಇದಕ್ಕಿಂತ ದೊಡ್ಡ ಅಪಾಯ: ಎರಕದ ಕಬ್ಬಿಣದ ಫ್ಲೈವೀಲನ್ನು ಅಳತೆ ಮೀರಿ ಸವೆಸಿದರೆ ಅದು ಹೆಚ್ಚು ಆರ್‌ಪಿಎಂನಲ್ಲಿ ಸಿಡಿಯಬಹುದು. ಚೂರುಗಳು ಕ್ಲಚ್ ಹೌಸಿಂಗ್ ಸೀಳಿ ಕಾಲಿಗೇ ತಗುಲಬಹುದು.

ಕಾರು ಮಂಕಾಗಿದೆ ಎನಿಸಿದರೆ ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರ್ ಗಾಳಿ ನೋಡಿಸಿ. ದಿನಬಳಕೆಗೆ ಕಂಪನಿ ಕೊಟ್ಟ ಫ್ಲೈವೀಲೇ ಸರಿ.