ಅರವಿಂದ ನೇತ್ರ ಚಿಕಿತ್ಸಾಲಯ

ಕಣ್ಣಿನ ಪೊರೆಯನ್ನು ನಮ್ಮ ಸೀಮೆಯ ಜನರು ಮುಪ್ಪಿನ ಸಹಜ ಲಕ್ಷಣವೆಂದೇ ಎಣಿಸುತ್ತಾರೆ. ಅಜ್ಜಿಗೆ ಕಣ್ಣು ಮಂಜಾದರೆ ಮೊಮ್ಮಗಳ ಕೈಯೇ ಊರುಗೋಲು. ಆ ಮೊಮ್ಮಗಳ ಗೈರುಹಾಜರಿಯನ್ನು ನಾವು ಹಾಜರಿ ಪುಸ್ತಕದಲ್ಲಿ ಕಾಣುತ್ತೇವೆ. ಮಡತ್ತುಕುಳದಿಂದ ಉಡುಮಲೈಪೇಟೆ, ಪೊಳ್ಳಾಚಿಗಳ ಮಾರ್ಗವಾಗಿ ಹೋದರೆ ಕೊಯಮತ್ತೂರು. ಅಲ್ಲಿಯ ಅವಿನಾಶಿ ರಸ್ತೆಯಲ್ಲಿ ಅರವಿಂದ ನೇತ್ರ ಚಿಕಿತ್ಸಾಲಯವಿದೆ. ೧೯೯೭ರಲ್ಲಿ ಅದು ಈ ನಗರಕ್ಕೆ ಬಂದಿತು. ಅದರ ಹುಟ್ಟನ್ನೂ ನಡೆಯುವ ಕ್ರಮವನ್ನೂ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸಬಯಸುತ್ತೇವೆ.

ಮೂಲ ಸಂಸ್ಥೆ ಮಧುರೆಯದು. ಅದರ ಸ್ಥಾಪಕರಾದ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು ೧೯೧೮ರಲ್ಲಿ ವಡಮಲಾಪುರವೆಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಸೇನೆಯ ವೈದ್ಯದಳವನ್ನು ಸೇರಿದರು. ಆದರೆ ಸಂಧಿವಾತವು ತಗುಲಿ ಬೆರಳುಗಳು ಸೊಟ್ಟಗಾದುವು. ಅನ್ಯರಾಗಿದ್ದರೆ ಶಸ್ತ್ರವೈದ್ಯದ ಆಸೆಯನ್ನೇ ಬಿಡುತ್ತಿದ್ದರು. ಇವರು ಆ ಬೆರಳುಗಳಿಗೇ ಶಸ್ತ್ರ ಹಿಡಿಯುವುದನ್ನು ಕಲಿಸಿ, ಜೀವಮಾನದಲ್ಲಿ ಲಕ್ಷಕ್ಕೂ ಮಿಕ್ಕು ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ೧೯೭೬ರಲ್ಲಿ, ತಮ್ಮ ೫೮ನೆಯ ವಯಸ್ಸಿನಲ್ಲಿ, ಸರ್ಕಾರಿ ಹುದ್ದೆಯಿಂದ ನಿವೃತ್ತರಾಗಿ ಒಂದು ಮನೆಯಲ್ಲಿ ೧೧ ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಒಡಹುಟ್ಟಿದವರು ಜೊತೆಗೆ ನಿಂತರು. ಹಣಕ್ಕಾಗಿ ಮನೆಯ ಒಡವೆಗಳೂ ಅಡವಾದುವು. ಹೆಸರು ಪುದುಚೇರಿಯ ಶ್ರೀ ಅರವಿಂದರದು.

ಧರ್ಮಾರ್ಥ ಚಿಕಿತ್ಸೆಯೆಂದರೆ ಕಳಪೆಯೆಂದು ಪೋಷಕರು ಶಂಕಿಸುವುದುಂಟು. ಇಲ್ಲಿ ಹಣ ತೆರುವವರಿಗೂ ತೆರಲಾರದವರಿಗೂ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಅವರೇ. ಭೇದವಿರುವುದು ಕೊಠಡಿ, ಮಂಚಗಳಲ್ಲಿ. ತೆರುವವರ ಹಣದಿಂದಲೇ ಉಳಿದವರ ವೆಚ್ಚವೂ ನಡೆಯುತ್ತದೆ. ಇದು ಸಾಧ್ಯವಾದುದು ಕೆಲಸದ ಅಚ್ಚುಕಟ್ಟಿನಿಂದ. ವೈದ್ಯರು ಒಂದು ಮೇಜಿನ ಮೇಲಿನ ರೋಗಿಯ ಕಣ್ಣನ್ನು ಸರಿಪಡಿಸುತ್ತಿರುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧನಾಗಿರುತ್ತಾನೆ. ಸಿದ್ಧಪಡಿಸುವವರು ಹಳ್ಳಿಗಳಿಂದ ಬಂದು ಅಲ್ಲಿಯೇ ಎರಡು ವರ್ಷ ತರಬೇತಿ ಪಡೆದ ಹೆಣ್ಣುಮಕ್ಕಳು. ನಮ್ಮ ಮೇಲ್ತರಗತಿಯ ಬಾಲಿಕೆಯರು ಇದನ್ನು ಗಮನಿಸಲಿ.

ಪೊರೆಯೆಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ. ಪಾಪೆಯ ಹಿಂದಿರುವ ಮಸೂರವು ತನ್ನ ತಿಳಿತನವನ್ನು ಕಳೆದುಕೊಂಡು ಮಸಕಾಗುವುದೇ ಪೊರೆ. ಯಾವ ಹನಿಮದ್ದಿನಿಂದಲೂ ಅದು ಕರಗದು. ಮಸಕಾದುದನ್ನು ತೆಗೆದು ಕೃತಕ ಮಸೂರವನ್ನು ಇಡಬೇಕು. ಹಿಂದೆ ಈ ಮಸೂರಗಳು ವಿದೇಶದಿಂದ ಬರುತ್ತಿದ್ದು ಬಡವರಿಗೆ ಎಟುಕುತ್ತಿರಲಿಲ್ಲ. ೧೯೯೨ರಲ್ಲಿ ಸಂಸ್ಥೆಯವರು ಮಧುರೆಯಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ, ಬೆಲೆಯನ್ನು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿಸಿದರು. ಪೊರೆ ಪೂರ್ಣವಾಗಿ ಬಲಿಯಲೆಂದು ಕಾಯುವ ಹಳೆಯ ವಾಡಿಕೆಗೆ ಈಗ ಆಧಾರವಿಲ್ಲ. ಅತಿಯಾಗಿ ಬಲಿತರೆ ಕಣ್ಣಿನೊಳಗಣ ಒತ್ತಡವೇರಿ ಮರಳಿ ಬಾರದಂತೆ ದೃಷ್ಟಿ ಹೋಗಬಹುದು.

ಚಿಕಿತ್ಸೆ ಉಚಿತವೆಂದು ಸಾರಿದರೂ ಮೊದಮೊದಲು ಅನೇಕರು ಬರಲಿಲ್ಲ. ವಿಚಾರಿಸಿದಾಗ ಬಸ್ಸಿನ ದುಡ್ಡು, ಊಟ, ಜೊತೆಗೆ ಬರುವವರ ಕೂಲಿನಷ್ಟ ಇವೇ ಅಡ್ಡಿಯೆಂದು ತಿಳಿಯಿತು. ಆದುದರಿಂದ ಹಳ್ಳಿಯ ಶಿಬಿರದಲ್ಲಿ ಆರಿಸಿದ ರೋಗಿಗಳನ್ನು ವಾಹನದಲ್ಲಿ ಕರೆದೊಯ್ದು, ಊಟ ವಸತಿಗಳನ್ನಿತ್ತು, ಶಸ್ತ್ರಚಿಕಿತ್ಸೆಯಾದ ಮೇಲೆ ಊರಿಗೆ ಮುಟ್ಟಿಸುವ ಏರ್ಪಾಡಾಯಿತು. ಕೆಲವು ವಾರಗಳ ಬಳಿಕ ಅವರ ಕಣ್ಣುಗಳನ್ನು ಮತ್ತೆ ಪರೀಕ್ಷಿಸುತ್ತಾರೆ.